ಒಗೆಯುವ ಮೊದಲು ಕೇಳಿ: ಹಳೆಯ ಫುಟ್‌ಬಾಲ್ ಜೆರ್ಸಿಗಳ ಆರೈಕೆ

ನನ್ನ ತಮ್ಮನ ನೀಲಿ ಜೆರ್ಸಿಯ ಕೆಳ ಅಂಚಿನ ಒಳಮಡಿಕೆಯಲ್ಲಿ ಬಾಲ್‌ಪೆನ್ನಿನ ಗೀಟುಗಳಿದ್ದವು. 2017ರ ಒಂದು ಮಧ್ಯಾಹ್ನ ಅದನ್ನು ಒಗೆಯಲು ತೆಗೆದುಕೊಂಡ ನಾನು ಶಾಯಿಯ ಕಲೆ ಎಂದುಕೊಂಡೆ. ಹೊಲಿಗೆಯವರ ಮನೆಯಲ್ಲಿ ಶಾಯಿಗೆ ಮದ್ದು ಇದ್ದೇ ಇರುತ್ತದೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒತ್ತಿದೆ, ಗೀಟೆಲ್ಲ ಹೋಯಿತು. ಸಂಜೆ ತಮ್ಮ ಬಂದ, ಅಂಚು ತಿರುಗಿಸಿ ನೋಡಿದ, ಮಾತಿಲ್ಲದೆ ಕುಳಿತುಬಿಟ್ಟ. ಆ ಜೆರ್ಸಿ ತೊಟ್ಟು ನೋಡಿದ ಪ್ರತಿ ಪಂದ್ಯದ ತಾರೀಖನ್ನೂ ಗೋಲುಗಳನ್ನೂ ಅವನು ಅಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ ಬರೆದಿಟ್ಟಿದ್ದ. ಬೆವರಿಗೆ ಕಲಸಿಹೋಗಿದ್ದರಿಂದ ನನಗೆ ಅವು ಅಕ್ಷರಗಳಾಗಿ ಕಾಣಲಿಲ್ಲ. ಹನ್ನೆರಡು ಪಂದ್ಯಗಳನ್ನು ಐದು ನಿಮಿಷದಲ್ಲಿ ಅಳಿಸಿದ್ದೆ.

ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಬಂಗಾರಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಗಿದೆ. ರವಿಕೆ, ಶಾಲೆಯ ಸಮವಸ್ತ್ರಗಳ ನಡುವೆ ತಿಂಗಳಿಗೆ ಒಂದೆರಡಾದರೂ ಹಳೆಯ ಫುಟ್‌ಬಾಲ್ ಜೆರ್ಸಿ ದುರಸ್ತಿಗೆ ಬರುತ್ತದೆ. ಕೆಜಿಎಫ್ ಪಕ್ಕದಲ್ಲೇ ಇದೆ. ಅಲ್ಲಿಯ ಗಣಿ ಕಾಲೊನಿಗಳ ಅಜ್ಜಂದಿರು ಆಡಿದ ದಪ್ಪ ಹತ್ತಿಯ ಅಂಗಿಗಳೂ ಬರುತ್ತವೆ, ಮೊಮ್ಮಕ್ಕಳ ಬೆಂಗಳೂರು ಎಫ್‌ಸಿ ಕ್ಲಬ್‌ನ ನೀಲಿ ಜೆರ್ಸಿಗಳೂ ಬರುತ್ತವೆ. ತಂದವರಿಗೆಲ್ಲ ನಾನು ಹೇಳುವುದು ಇಷ್ಟು: ಮೊದಲು ನೋಡೋಣ, ಆಮೇಲೆ ಕೇಳೋಣ, ಕೇಳಿದ್ದನ್ನು ಬರೆದಿಡೋಣ, ನೀರಿನ ಮಾತು ಕೊನೆಗೆ.

ನೋಡುವುದು

ಬೆಳಗಿನ ಹೊತ್ತು ಕಿಟಕಿಯ ಬಳಿ ಕುಳಿತು ಜೆರ್ಸಿಯನ್ನು ಒಳಮಗ್ಗುಲು ಹೊರಗೆ ಮಾಡಿ. ಟ್ಯೂಬ್‌ಲೈಟಿನಲ್ಲಿ ಕಲೆಗಳ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಕಣ್ಣಿಗಿಂತ ಮೊದಲು ಬೆರಳು ಓಡಿಸಿ: ಕಂಕುಳು, ಕಾಲರಿನ ಒಳಭಾಗ, ತೋಳಿನ ಜೋಡಣೆ, ಅಂಚಿನ ಮಡಿಕೆ. ಗಟ್ಟಿಯಾಗಿರುವ ಕಡೆ ಬೆವರಿನ ಉಪ್ಪು, ಜಾರುವ ಕಡೆ ಸವೆತ, ಗಂಟು ಸಿಕ್ಕ ಕಡೆ ಯಾರೋ ಹೊಲಿದಿದ್ದಾರೆ ಎಂದು ತಿಳಿಯಿರಿ.

ಅಪ್ಪನ ಜೆರ್ಸಿಯನ್ನೇ ತೆಗೆದುಕೊಳ್ಳುತ್ತೇನೆ. ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಫಿಟ್ಟರ್ ಆಗಿದ್ದರು. ಪಾಳಿ ಮುಗಿಸಿ ಬಂದು ಕಾಲೊನಿಯ ತಂಡದಲ್ಲಿ ಆಡುತ್ತಿದ್ದರು. ಜೆರ್ಸಿ ಒಂದು ಕಾಲಕ್ಕೆ ಕಡುಗೆಂಪು, ಈಗ ಹಳೆಯ ಹೆಂಚಿನ ಬಣ್ಣ. ಬೆನ್ನಿನ ಮೇಲೆ 5. ಅದು ಅಚ್ಚಿನ ಅಂಕಿಯಲ್ಲ. ಬಿಳಿಯ ಲಾಂಗ್‌ಕ್ಲಾತ್ ಕತ್ತರಿಸಿ, ಅಂಚು ಒಳಗೆ ಮಡಚಿ, ಕೈಯಲ್ಲಿ ಹೊಲಿದದ್ದು. ಹೊಲಿಗೆಗಳೆಲ್ಲ ಎದುರು ದಿಕ್ಕಿಗೆ ವಾಲಿವೆ. ಅಜ್ಜಿ ಎಡಚಿ, ಅವರು ಹೊಲಿದ ಕೌದಿಗಳಲ್ಲೂ ಇದೇ ವಾಲಿಕೆ ಇದೆ. ಆದ್ದರಿಂದ ಇದು ಅಜ್ಜಿಯ ಕೆಲಸ ಎಂದು ಯಾರ ಸಾಕ್ಷಿಯೂ ಇಲ್ಲದೆ ಹೇಳಬಲ್ಲೆ. ಬಲ ತೋಳಿನ ಜೋಡಣೆ ಮಾತ್ರ ಬೇರೆ ಕೈಯದು. ಕಪ್ಪು ದಪ್ಪ ನೂಲು, ಒರಟು ಓಡು ಹೊಲಿಗೆ, ಏಳೇ ಕುಟ್ಟು.

ಪಕ್ಕದ ಜೋಡಣೆಗಳ ಒಳಗೆ ಬೂದು ಬಣ್ಣದ ನುಣ್ಣನೆಯ ಪುಡಿ ಸೇರಿಕೊಂಡಿದೆ. ಕೆಜಿಎಫ್‌ನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಒಂದೆಡೆ ಸುರಿಯುತ್ತಿದ್ದರು. ಅದೇ ಬೆಳೆದು ಬೆಟ್ಟವಾಯಿತು. ಸೈನೈಡ್ ದಿಬ್ಬ ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ಆ ಧೂಳು ಮನೆ, ಮೈದಾನ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬ ಹಾಗೆಯೇ ನಿಂತಿದೆ. ಈ ಪುಡಿಯನ್ನು ನಾನು ತೊಳೆದಿಲ್ಲ. ಮಕ್ಕಳ ಕೈಗೆ ಕೊಡುವುದಿಲ್ಲ, ಮುಟ್ಟಿದ ಮೇಲೆ ಕೈ ತೊಳೆಯುತ್ತೇನೆ. ಅಂಗಿ ಯಾವ ಊರಿನದು ಎಂದು ಕೇಳಿದರೆ ಮೊದಲು ಅದನ್ನೇ ತೋರಿಸುತ್ತೇನೆ.

ಈಚಿನ ಜೆರ್ಸಿಗಳಲ್ಲಿ ನೋಡಬೇಕಾದದ್ದು ಕಡಿಮೆ. ಲಾಂಛನ ಕಸೂತಿಯದೋ ಶಾಖದಲ್ಲಿ ಅಂಟಿಸಿದ್ದೋ, ಅಂಕಿ ಬಟ್ಟೆಯಲ್ಲೇ ಇಳಿದ ಬಣ್ಣವೋ ಮೇಲೆ ಕೂರಿಸಿದ ಹಾಳೆಯೋ ಎಂದು ತಿಳಿದುಕೊಳ್ಳಿ. ಒಳಗಿನ ತೊಳೆಯುವ ಸೂಚನೆಯ ಪಟ್ಟಿಯನ್ನು ಕತ್ತರಿಸಬೇಡಿ, ಚುಚ್ಚಿದರೂ ಸರಿ.

ಕೇಳುವುದು

"ಪಂದ್ಯ ಹೇಗಿತ್ತು?" ಎಂದು ಹಿರಿಯರನ್ನು ಕೇಳಿದರೆ "ಚೆನ್ನಾಗಿತ್ತಮ್ಮ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಂಗಿಯನ್ನು ಅವರ ತೊಡೆಯ ಮೇಲಿಟ್ಟು ಸಣ್ಣ ವಿಷಯಗಳನ್ನು ಕೇಳಿ. ಕಾಲಿಗೆ ಏನು ಹಾಕಿಕೊಂಡಿದ್ದಿರಿ? ಚೆಂಡು ಯಾರ ಮನೆಯಲ್ಲಿರುತ್ತಿತ್ತು? ವಿರಾಮದಲ್ಲಿ ಏನು ತಿಂದಿರಿ? ಅಂಗಿ ಒಗೆಯುತ್ತಿದ್ದವರು ಯಾರು? ಬರಿಗಾಲಿನ ಪ್ರಶ್ನೆ ಬಹಳ ಮಾತು ಎಳೆದು ತರುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 2-1ರಿಂದ ಸೋತ ನಮ್ಮ ದೇಶದ ತಂಡದಲ್ಲಿ ಹಲವರು ಬರಿಗಾಲಿನಲ್ಲೇ ಆಡಿದ್ದರು. ಆ ಪಂದ್ಯದಲ್ಲಿ ನಮ್ಮ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಇದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿರುವವರು ತಮ್ಮ ಪಾದದ ಹಳೆಯ ಗಾಯ ತೋರಿಸಲು ಚಪ್ಪಲಿ ಬಿಟ್ಟಿರುತ್ತಾರೆ.

ಕೇಳಿದ ಮೇಲೆ ಸುಮ್ಮನಿರಿ. ಇದು ನನಗೆ ಬಹಳ ಕಷ್ಟದಿಂದ ಬಂದ ಅಭ್ಯಾಸ. ವಯಸ್ಸಾದವರು ಬಟ್ಟೆಯನ್ನು ಸವರುತ್ತಾ ಒಂದೆರಡು ನಿಮಿಷ ಏನೂ ಹೇಳದೆ ಇರುತ್ತಾರೆ. ನಾವು ನಡುವೆ ಬಾಯಿ ಹಾಕಿದರೆ ಬರುತ್ತಿದ್ದ ಮಾತು ಹಿಂದಕ್ಕೆ ಹೋಗುತ್ತದೆ. ನನ್ನ ಚಿಕ್ಕಪ್ಪ ಹೀಗೆ ಸುಮ್ಮನಿದ್ದು, "ಆಗ ನಾವು ಕರ್ನಾಟಕ ಅಲ್ಲ ಕಣಮ್ಮ, ಮೈಸೂರು" ಎಂದು ಶುರು ಮಾಡಿದರು. ಮೈಸೂರು ತಂಡ 1967-68ರಲ್ಲಿ ಕಟಕ್‌ನಲ್ಲಿ, 1968-69ರಲ್ಲಿ ಬೆಂಗಳೂರಿನಲ್ಲಿ ಸತತ ಎರಡು ಬಾರಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಆ ಎರಡನೆಯ ಗೆಲುವಿನ ಸುದ್ದಿಯನ್ನು ಹೋಟೆಲಿನ ರೇಡಿಯೊದಲ್ಲಿ ಕೇಳಿ, ಕೈಯಲ್ಲಿದ್ದ ಕಾಸಿಗೆಲ್ಲ ಬೋಂಡಾ ಕೊಂಡು ಕಾಲೊನಿಗೆ ಹಂಚಿದರಂತೆ. ಮತ್ತೆ ಆ ಟ್ರೋಫಿ ನಮ್ಮ ರಾಜ್ಯಕ್ಕೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಅಪ್ಪ ಇರಲಿಲ್ಲ. ಚಿಕ್ಕಪ್ಪ ಬೋಂಡಾ ತಂದರು.

ಕೆಜಿಎಫ್‌ನ ಹಿರಿಯರಲ್ಲಿ ಬಹಳ ಮಂದಿ ಆಟದ ಮಾತನ್ನು ತಮಿಳಿನಲ್ಲೇ ಆಡುತ್ತಾರೆ, ನಡುವೆ ಕನ್ನಡ, ತೆಲುಗು ಬರುತ್ತದೆ. ಅವರು ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅರ್ಥವನ್ನು ಪಕ್ಕದಲ್ಲಿ ಬರೆದರಾಯಿತು. ತಿದ್ದಿ ಬರೆದರೆ ಆ ಮನುಷ್ಯನ ದನಿ ಹೋಗುತ್ತದೆ.

ಬರೆಯುವುದು

ಪ್ರತಿ ಜೆರ್ಸಿಗೂ ಒಂದು ಚೀಟಿ. ಅಂಚೆ ಕಾರ್ಡಿನಷ್ಟು ದೊಡ್ಡ ಬಿಳಿ ಕಾಗದ, ಪೆನ್ಸಿಲ್. ಪೆನ್ನು ಬೇಡ, ತೇವ ತಗುಲಿದರೆ ಶಾಯಿ ಬಟ್ಟೆಗೆ ಇಳಿಯುತ್ತದೆ. ತಾರೀಖು, ಎದುರಾಳಿ, ಗೋಲುಗಳು, ಮೈದಾನ ಇವು ಮೇಲಿನ ಸಾಲಿನಲ್ಲಿರಲಿ. ಅದರ ಕೆಳಗೆ ದಾಖಲೆಗಳಲ್ಲಿ ಸಿಗದ ವಿಷಯ: ಎಲ್ಲಿ ಕುಳಿತಿದ್ದಿರಿ, ಜೊತೆಗೆ ಯಾರು, ಏನು ತಿಂದಿರಿ, ಮನೆಗೆ ಹೇಗೆ ಬಂದಿರಿ. ನಮ್ಮ ಚೀಟಿಗಳಲ್ಲಿ ಅರ್ಧ ಭಾಗ ರೈಲಿನ ಕಥೆಯೇ ಇದೆ. ಪಂದ್ಯ ಮುಗಿದ ಮೇಲೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಿಂದ ರೈಲು ನಿಲ್ದಾಣಕ್ಕೆ ಓಡುವುದು, ರಾತ್ರಿಯ ರೈಲಿನ ಸಾಮಾನ್ಯ ಬೋಗಿಯ ಬಾಗಿಲ ಬಳಿ ನಿಂತು ಬಂಗಾರಪೇಟೆ ತಲುಪುವುದು, ಬೆಳಗ್ಗೆ ಮತ್ತೆ ಅಂಗಡಿ ತೆರೆಯುವುದು.

ನೆನಪನ್ನು ನಂಬಿ, ಆದರೆ ಪರೀಕ್ಷಿಸಿ. 2015ರ ಮೇ 31ರ ಪಂದ್ಯವನ್ನು ನಾನು ವರ್ಷಗಟ್ಟಲೆ ತಪ್ಪಾಗಿ ಹೇಳಿದ್ದೇನೆ. ದೇಶದ ಕ್ಲಬ್‌ಗಳ ಐ-ಲೀಗ್‌ನ ಕೊನೆಯ ದಿನ, ಕಂಠೀರವ, ಮಳೆ. ಗೆದ್ದರೆ ಪ್ರಶಸ್ತಿ ನಮ್ಮ ಬೆಂಗಳೂರು ಎಫ್‌ಸಿಯದು, ಡ್ರಾ ಆದರೆ ಎದುರಾಳಿ ಮೋಹನ್ ಬಾಗಾನ್‌ದು. ಜಾನ್ ಜಾನ್ಸನ್ ಮೊದಲಾರ್ಧದಲ್ಲಿ ಗೋಲು ಹೊಡೆದಾಗ ನನ್ನ ಪಕ್ಕದ ಅಪರಿಚಿತ ಹೆಂಗಸು ನನ್ನನ್ನು ಅಪ್ಪಿಕೊಂಡಿದ್ದರು. ಕೊನೆಗೆ ಬೆಲ್ಲೊ ರಝಾಕ್ ಕಾರ್ನರ್‌ಗೆ ತಲೆ ಕೊಟ್ಟು ಸಮ ಮಾಡಿದ. ಅದು ಹೆಚ್ಚುವರಿ ನಿಮಿಷಗಳಲ್ಲಿ, ಇನ್ನೇನು ಸೀಟಿ ಊದಬೇಕು ಎನ್ನುವಾಗ ಆದದ್ದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ದಾಖಲೆ ತೆಗೆದು ನೋಡಿದರೆ 87ನೆಯ ನಿಮಿಷ. ಆಮೇಲೂ ಆಟ ನಡೆದಿತ್ತು, ನಮಗೆ ಸಮಯವಿತ್ತು. ಆ ನಿಮಿಷಗಳು ನನ್ನ ತಲೆಯಲ್ಲಿ ಉಳಿದೇ ಇಲ್ಲ. ಚೀಟಿಯ ಮೇಲೆ 87 ಎಂದು ಬರೆದೆ, ಕೆಳಗೆ "ನನಗೆ ಕೊನೆಯ ಕ್ಷಣ ಎನಿಸಿತ್ತು" ಎಂದೂ ಬರೆದೆ. ಎರಡೂ ಇರಬೇಕು. ದಾಖಲೆಯನ್ನು ಮಾತ್ರ ಬರೆದರೆ ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತಾಗುತ್ತದೆ.

ಅಳಿಸಿಹೋದ ಆ ಅಂಚನ್ನೂ ಹೀಗೆಯೇ ಕಟ್ಟಿಕೊಂಡೆವು. ತಮ್ಮ ನೆನಪಿನಿಂದ ಹೇಳಿದ, ನಾನು ಹಳೆಯ ಪತ್ರಿಕೆಗಳ ಜೊತೆ ತಾಳೆ ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಸಿಕ್ಕವು. 2016ರ ಅಕ್ಟೋಬರ್ 19 ಅವನಿಗೆ ಉಸಿರು ಬಿಡದೆ ಹೇಳುವಷ್ಟು ನೆನಪಿತ್ತು: ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ತಂಡ ಮೊದಲು ಗೋಲು ಹೊಡೆಯಿತು, ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು, 3-1. ಭಾರತದ ತಂಡವೊಂದು ಆ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ತಂಡದ ಎದುರು 1-0ರಿಂದ ಸೋತದ್ದನ್ನು ಮನೆಯ ಟಿವಿಯಲ್ಲಿ ನೋಡಿದೆವು, ಅದೇ ಅಂಗಿ ತೊಟ್ಟು. ಉಳಿದ ಮೂರು ಸಾಲು ಚೀಟಿಯಲ್ಲಿ ಖಾಲಿ ಇವೆ. ಊಹಿಸಿ ತುಂಬಬೇಡಿ.

ನೀರು

ನಮ್ಮ ಜಿಲ್ಲೆಯಲ್ಲಿ ಬಟ್ಟೆಗೆ ದೊಡ್ಡ ಶತ್ರು ಬೋರ್‌ವೆಲ್ ನೀರು. ಆಳದ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಒಣಗಿದ ಮೇಲೆ ನೀಲಿ ಬಟ್ಟೆಯ ಮೇಲೆ ಬೂದಿಯಂತೆ ಉಪ್ಪು ಕೂರುತ್ತದೆ. ಬಣ್ಣ ಮಾಸಿತು ಎಂದು ಜನ ತರುವ ಜೆರ್ಸಿಗಳಲ್ಲಿ ಎಷ್ಟೋ ಮಾಸಿಯೇ ಇರುವುದಿಲ್ಲ, ಉಪ್ಪು ಹಿಡಿದಿರುತ್ತದೆ. ಬೀದಿಯ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಮಳೆಗಾಲವಾದರೆ ಮೊದಲ ಹತ್ತು ನಿಮಿಷದ ಮಳೆ ಬಿಟ್ಟು, ಆಮೇಲಿನದನ್ನು ಹಿಡಿದಿಡಿ. ಅದಕ್ಕಿಂತ ಒಳ್ಳೆಯ ನೀರಿಲ್ಲ.

ಒಗೆಯುವ ಮೊದಲು ಬಣ್ಣ ಬಿಡುತ್ತದೆಯೇ ನೋಡಿ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಅಂಗಿಯ ಒಳ ಅಂಚಿನ ಮೇಲೆ ಒತ್ತಿ ಹಿಡಿದು ನೂರು ಎಣಿಸಿ. ಚೂರಿಗೆ ಬಣ್ಣ ಹತ್ತಿದರೆ ಆ ಅಂಗಿಗೆ ನೀರು ಬೇಡ. ನೆರಳಿನಲ್ಲಿ ಹರವಿ, ಮೃದುವಾದ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಮೈದಾನದ ಕೆಮ್ಮಣ್ಣು ಹತ್ತಿದ್ದರೆ ಪೂರ್ತಿ ಒಣಗುವವರೆಗೆ ಕಾಯಿರಿ, ಒಣಗಿದ ಮಣ್ಣು ಉದುರುತ್ತದೆ, ಹಸಿ ಮಣ್ಣು ಉಜ್ಜಿದಷ್ಟೂ ನೂಲಿನೊಳಗೆ ಇಳಿಯುತ್ತದೆ.

ಹಳೆಯ ಹತ್ತಿಯ ಅಂಗಿಗೆ ಅಂಟುವಾಳದ ನೀರಿಗಿಂತ ಹಿತವಾದದ್ದು ಯಾವುದೂ ಇಲ್ಲ. ಎಂಟು ಹತ್ತು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿ. ಪಾಲಿಯೆಸ್ಟರ್ ಜೆರ್ಸಿಗೆ ಮೃದುವಾದ ದ್ರವ ಸೋಪು ಅರ್ಧ ಚಮಚ, ತಣ್ಣೀರು, ಒಳಮಗ್ಗುಲು ಹೊರಗೆ. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಬ್ಲೀಚು ಬೇಡವೇ ಬೇಡ. ಬಟ್ಟೆ ಮೆತ್ತಗಾಗಲು ಹಾಕುವ ಸುವಾಸನೆಯ ದ್ರವವೂ ಬೇಡ. ಅದು ನೂಲಿನ ಮೇಲೆ ಪೊರೆ ಕಟ್ಟುತ್ತದೆ, ಬೆವರಿನ ವಾಸನೆ ಅದರಡಿ ಸಿಕ್ಕಿಕೊಳ್ಳುತ್ತದೆ. ಕಂಕುಳಿನ ವಾಸನೆ ಹೋಗದಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಆ ಭಾಗವನ್ನು ಮಾತ್ರ ಅರ್ಧ ಗಂಟೆ ಅದ್ದಿಡಿ. ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಹರವಿ, ಚಾಪೆಯಂತೆ ಸುತ್ತಿ ಒತ್ತಿ, ನೆರಳಿನಲ್ಲಿ ಮಲಗಿಸಿ ಒಣಗಿಸಿ. ನಮ್ಮ ಬಿಸಿಲು ಒಂದೇ ಬೇಸಿಗೆಯಲ್ಲಿ ನೀಲಿಯನ್ನು ನೇರಳೆ ಮಾಡಿದ್ದನ್ನು ಕಂಡಿದ್ದೇನೆ.

ಅಂಕಿ, ಅಚ್ಚು, ಹರಿದ ಜಾಗ

ಅಂಟಿಸಿದ ಅಂಕಿ ಅಂಚಿನಲ್ಲಿ ಎದ್ದಿದ್ದರೆ ಕೀಳಬೇಡಿ, ಗಮ್ ಹಾಕಬೇಡಿ. ಅಂಕಿಯ ಮೇಲೆ ಬಟರ್ ಪೇಪರ್, ಅದರ ಮೇಲೆ ತೆಳು ಹತ್ತಿ ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು ಎಂಟು ಹತ್ತು ಸೆಕೆಂಡು ಒತ್ತಿ ಎತ್ತಿ. ಎಳೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ ಕಾಗದ ತೆಗೆಯಿರಿ. ಹಿಡಿಯದಿದ್ದರೆ ಇನ್ನೊಮ್ಮೆ ಮಾಡಿ, ಮೂರನೆಯ ಬಾರಿ ಬೇಡ. ಬಿರುಕು ಬಿಟ್ಟ ಅಚ್ಚಿಗೆ ಔಷಧಿಯಿಲ್ಲ, ಹಾಗೆಯೇ ಇರಲಿ.

ಜೆರ್ಸಿ ಹೆಣೆದ ಬಟ್ಟೆ. ಸಾಮಾನ್ಯ ಸೂಜಿ ಅದರ ಎಳೆಯನ್ನು ಕತ್ತರಿಸುತ್ತದೆ, ಒಗೆದಾಗ ತೂತು ದೊಡ್ಡದಾಗುತ್ತದೆ. ತುದಿ ದುಂಡಾದ ಬಾಲ್‌ಪಾಯಿಂಟ್ ಸೂಜಿ ಕೇಳಿ ತನ್ನಿ. ಎಳೆಗಳನ್ನು ಸರಿಸಿಕೊಂಡು ನುಗ್ಗುತ್ತದೆ. ಹೊಲಿದ ಅಂಕಿ ಬಿಚ್ಚಿಕೊಂಡಿದ್ದರೆ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ, ಯಂತ್ರಕ್ಕೆ ಕೊಡಬೇಡಿ. ಅಪ್ಪನ 5ರ ಹೊಟ್ಟೆಯಲ್ಲಿ ನಾಲ್ಕು ಹೊಲಿಗೆ ಬಿಟ್ಟಿತ್ತು. ಬಲಗೈಯವಳಾದ ನಾನು ಅಂಗಿಯನ್ನು ತಲೆಕೆಳಗು ಮಾಡಿಕೊಂಡು, ಅಜ್ಜಿಯ ವಾಲಿಕೆ ಬರುವಂತೆ ಆ ನಾಲ್ಕನ್ನು ಹಾಕಲು ಒಂದು ಇಡೀ ಸಂಜೆ ತೆಗೆದುಕೊಂಡೆ.

ಇಡುವುದು

ಹ್ಯಾಂಗರ್‌ಗೆ ತೂಗುಹಾಕಿದರೆ ಭುಜ ಜೋತುಬೀಳುತ್ತದೆ. ಹಳೆಯ ಪಂಚೆ ಅಥವಾ ಮಲ್ ಬಟ್ಟೆಯನ್ನು ನಡುವೆ ಹಾಸಿ, ಅಂಕಿಯ ಮೇಲೆ ಮಡಿಕೆ ಬೀಳದಂತೆ ಸುರುಳಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಹಿಡಿಯುತ್ತದೆ, ಅಚ್ಚಿಗೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಟ್ರಂಕಿನಲ್ಲಿ ಇಡುವುದಾದರೆ ಒಳಗೆ ದಪ್ಪ ಬಟ್ಟೆ ಹಾಸಿ. ತುಕ್ಕಿನ ಕಲೆ ಬಂದರೆ ಹೋಗುವುದಿಲ್ಲ. ನುಸಿಗುಳಿಗೆಯ ಬದಲು ಒಣ ಬೇವಿನೆಲೆಯ ಗಂಟು ಸಾಕು.

ಟಿಕೆಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ಬಿಲ್ಲಿನಂತೆ ನುಣುಪಾದ ಕಾಗದದ ಟಿಕೆಟ್‌ನ ಅಕ್ಷರ ಶಾಖದಿಂದ ಮೂಡಿದ್ದು. ಕೆಲವೇ ವರ್ಷದಲ್ಲಿ ಅದು ಮಾಯವಾಗುತ್ತದೆ, ಲ್ಯಾಮಿನೇಶನ್‌ಗೆ ಕೊಟ್ಟರೆ ಇಡೀ ಟಿಕೆಟ್ ಕಪ್ಪಾಗುತ್ತದೆ. ಇಂದೇ ಜೆರಾಕ್ಸ್ ಮಾಡಿಸಿ. 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಬೆಂಗಳೂರು ಎಫ್‌ಸಿ ಆಡಿದ ಮೊದಲ ಐ-ಲೀಗ್ ಪಂದ್ಯ, ಶಾನ್ ರೂನಿ ಹೊಡೆದ ಮೊದಲ ಗೋಲು, ಮೋಹನ್ ಬಾಗಾನ್ ಎದುರು 1-1. ಅಂದಿನ ಟಿಕೆಟ್ ನನ್ನ ಬಳಿ ಉಳಿದಿರುವುದು ಜೆರಾಕ್ಸ್ ಆಗಿಯೇ.

ಒಟ್ಟಿಗೆ ಕುಳಿತು

ವರ್ಷಕ್ಕೊಮ್ಮೆ, ಹೊಲಿಗೆಯ ಒತ್ತಡವಿಲ್ಲದ ಒಂದು ಭಾನುವಾರ, ಅಂಗಡಿಯ ಕತ್ತರಿಸುವ ಮೇಜು ಖಾಲಿ ಮಾಡಿ ಹತ್ತು ಹನ್ನೆರಡು ಮಂದಿಯನ್ನು ಕರೆಯುತ್ತೇನೆ. ನೀವೂ ಮಾಡಿ, ದೊಡ್ಡ ಏರ್ಪಾಡು ಬೇಕಿಲ್ಲ. ಒಬ್ಬರು ಒಂದೇ ಜೆರ್ಸಿ ತರಬೇಕು. ಎರಡು ತಂದರೆ ಎರಡರ ಕಥೆಯೂ ಅರ್ಧವಾಗುತ್ತದೆ. ಪಾನಿಪುರಿಯನ್ನು ಮೇಜಿನಿಂದ ದೂರ, ಹೊರಗಿನ ಜಗುಲಿಯ ಮೇಲೆ ಕೊಡಿ. ಬಂಗಾರಪೇಟೆಯ ಪಾನಿ ಬಣ್ಣವಿಲ್ಲದ್ದು ನಿಜ, ಆದರೂ ಖಾರದ ಕೈ ಬಟ್ಟೆಗೆ ಬೇಡ. ಸೋತ ಪಂದ್ಯದ ಜೆರ್ಸಿಯಿಂದ ಆರಂಭಿಸಿ. ಗೆಲುವನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ, ಸೋಲಿನಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಕಡೆ ನೋಡುತ್ತಿರುತ್ತಾರೆ. 2018ರ ಮಾರ್ಚ್ 17, ಕಂಠೀರವ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3-2ರ ಸೋಲು: ಆ ಒಂದು ಸಂಜೆಯ ಬಗ್ಗೆ ನನ್ನ ಬಳಿ ಆರು ಚೀಟಿಗಳಿವೆ, ಒಂದರಂತೆ ಒಂದಿಲ್ಲ. ಮರುವರ್ಷ ಅದೇ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೇಕೆಯ ತಲೆಯೇಟಿಗೆ ಗೋವಾ ಎದುರು 1-0ಯಿಂದ ಗೆದ್ದದ್ದನ್ನು ಆರೂ ಜನ ಒಂದೇ ವಾಕ್ಯದಲ್ಲಿ ಮುಗಿಸಿದರು.

ಈ ಸಲ ಅಪ್ಪನ ಅಂಗಿಯನ್ನೂ ಮೇಜಿನ ಮೇಲೆ ಹರವಿದ್ದೆ. ಬಲ ತೋಳಿನ ಆ ಕಪ್ಪು ಹೊಲಿಗೆಯನ್ನು ಬಿಚ್ಚಿ, ಬಟ್ಟೆಯ ಬಣ್ಣಕ್ಕೆ ಹೊಂದುವ ನೂಲಿನಲ್ಲಿ ಅಚ್ಚುಕಟ್ಟಾಗಿ ಹೊಲಿಯಬೇಕೆಂದು ಕೋಲಾರದಿಂದ ಒಂದು ರೀಲು ತಂದಿಟ್ಟಿದ್ದೆ. ಮಾರಿಕುಪ್ಪಂನಿಂದ ಬಂದಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ತೋಳನ್ನು ಬಹಳ ಹೊತ್ತು ನೋಡಿದರು. "ಇದು ನಾನು ಹಾಕಿದ್ದಮ್ಮ," ಎಂದರು. "ವಿರಾಮದಲ್ಲಿ. ಮೂಟೆ ಹೊಲಿಯುವ ಸೂಜಿ. ನಿಮ್ಮಪ್ಪ ಅಂಗಿ ಬಿಚ್ಚಲಿಲ್ಲ, ಕೈ ಚಾಚಿಕೊಂಡು ನಿಂತಿದ್ದರು, ಸೂಜಿ ಚುಚ್ಚಿದರೂ ಅಲುಗಾಡಲಿಲ್ಲ."

ಎದುರಾಳಿ ಯಾರು, ಗೋಲು ಎಷ್ಟು ಎಂಬುದು ಅವರಿಗೆ ನೆನಪಾಗಲಿಲ್ಲ. ಚೀಟಿಯ ಮೇಲಿನ ಸಾಲನ್ನು ಖಾಲಿ ಬಿಟ್ಟು, ಅವರು ಹೇಳಿದ್ದನ್ನು ಕೆಳಗೆ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಕೆಂಪು ನೂಲಿನ ರೀಲನ್ನು ಒಂದು ರವಿಕೆಗೆ ಬಳಸಿದೆ.